ಲೆಸ್ಟರ್‌ನ ಹುಡುಗರಿಗೆ ಈ ತಾತ್ಸಾರ ಕಲಿಸಿದವರು ಯಾರು?

2022ರ ಆಗಸ್ಟ್ 28ರಂದು ದುಬೈಯಲ್ಲಿ ಭಾರತ ಪಾಕಿಸ್ತಾನದ ವಿರುದ್ಧ ಕ್ರಿಕೆಟ್ ಪಂದ್ಯ ಗೆದ್ದಿತು. ಮೂರು ವಾರ ಕಳೆಯುವಷ್ಟರಲ್ಲಿ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಮುಖ ಮುಚ್ಚಿಕೊಂಡ ಹಿಂದೂ, ಮುಸ್ಲಿಂ ಯುವಕರು ಎದುರುಬದುರು ನಿಂತಿದ್ದರು. ಉಪಖಂಡದ ಹಳೆಯ ಹಗೆ ಬ್ರಿಟನ್ನಿಗೂ ಬಂದಿದೆ ಎಂದು ಅನೇಕರು ಕೈತೊಳೆದುಕೊಂಡರು. ಅದು ಅರ್ಧ ಸತ್ಯ. ಉಳಿದರ್ಧ ಬ್ರಿಟನ್ನಿನಲ್ಲೇ ಬೆಳೆದದ್ದು.

ಗಲಭೆಯ ನಂತರ ಕೇಳಿಬಂದ ದೂರುಗಳನ್ನೇ ನೋಡಿ. ಪೋರ್ಚುಗೀಸ್ ಪಾಸ್‌ಪೋರ್ಟ್ ಹಿಡಿದು ದಮನ್, ದಿಯುಗಳಿಂದ ಬಂದವರು ಗದ್ದಲ ಮಾಡುತ್ತಾರೆ, ಒಂದೇ ಮನೆಯಲ್ಲಿ ಕಿಕ್ಕಿರಿದಿರುತ್ತಾರೆ, ಊರಿನ ರೀತಿ ಅರಿಯರು. ಹೀಗೆಂದವರಲ್ಲಿ ಹಳೆಯ ವಲಸಿಗರ ಕುಟುಂಬದವರೂ ಇದ್ದರು. 1972ರಲ್ಲಿ ಸರ್ವಾಧಿಕಾರಿ ಇದಿ ಅಮೀನ್ ಏಷ್ಯನ್ನರನ್ನು ಉಗಾಂಡಾದಿಂದ ಓಡಿಸಿದಾಗ ಲೆಸ್ಟರ್ ನಗರಸಭೆ ಅಲ್ಲಿನ 'ಉಗಾಂಡಾ ಆರ್ಗಸ್' ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿತ್ತು: ಮನೆಗಳಿಲ್ಲ, ಶಾಲೆಗಳು ತುಂಬಿವೆ, ನಮ್ಮೂರಿಗೆ ಬರಬೇಡಿ. ಆದರೂ ಸಾವಿರಾರು ಮಂದಿ ಬಂದರು, ಬೆಲ್‌ಗ್ರೇವ್ ಬಡಾವಣೆಯನ್ನು ಬೆಳೆಸಿದರು. ಅಂಥ ಮನೆಗಳಲ್ಲೇ ಇಂದು ಊಟದ ಹೊತ್ತಿಗೆ ಹೊಸಬರ ಮೇಲೆ ಅದೇ ದೂರು ಕೇಳಿದರೆ, ಎಳೆಯರು ಕಲಿಯುವುದೇನು?

ಮೇಲಿನವರ ಪಾಠ ಇನ್ನೂ ಕೆಟ್ಟದು. ಉಗಾಂಡಾದಿಂದ ಬಂದ ಗುಜರಾತಿ ದಂಪತಿಯ ಮಗಳು ಪ್ರೀತಿ ಪಟೇಲ್ ಬ್ರಿಟನ್ನಿನ ಗೃಹಮಂತ್ರಿಯಾಗಿ, ಅದೇ 2022ರ ಏಪ್ರಿಲ್‌ನಲ್ಲಿ, ಆಶ್ರಯ ಕೋರಿ ಬಂದವರನ್ನು ರುವಾಂಡಾಕ್ಕೆ ಸಾಗಿಸುವ ಒಪ್ಪಂದಕ್ಕೆ ಸಹಿ ಹಾಕಿದರು. ಅದರ ಪಾಠ ಇಷ್ಟೆ: ನೀನು ಈ ದೇಶದವನೆಂದು ತೋರಿಸಬೇಕೆ, ಹಿಂದೆ ಬರುವವನಿಗೆ ಬಾಗಿಲು ಹಾಕು. ಸಂದುಗೊಂದುಗಳಲ್ಲಿ ಬೆಳೆಯುವ ಹುಡುಗನಿಗೆ ಇದು ಬೇಗ ಅರ್ಥವಾಗುತ್ತದೆ.

ಮಿಕ್ಕದ್ದನ್ನು ಮೊಬೈಲು ಪೂರೈಸಿತು. ಹುಡುಗಿಯೊಬ್ಬಳ ಅಪಹರಣ ಯತ್ನ ನಡೆಯಿತೆಂಬ ಸುದ್ದಿ ಹರಿದಾಡಿತು. ಪೊಲೀಸರು ಅದು ಸುಳ್ಳೆಂದರು. ಲೆಸ್ಟರ್ ಕುರಿತು ಹರಿದ ಟ್ವೀಟ್‌ಗಳನ್ನು ಬಿಬಿಸಿ ಪರಿಶೀಲಿಸಿದಾಗ ಅರ್ಧಕ್ಕಿಂತ ಹೆಚ್ಚು ಭಾರತದ ಖಾತೆಗಳಿಂದ ಬಂದಿದ್ದವು. ಇಲ್ಲಿ ಕುಳಿತು ಬೆರಳಾಡಿಸಿದ ನಾವೂ ಈ ಹೊಣೆಯಿಂದ ನುಣುಚಿಕೊಳ್ಳಲಾಗದು.

ಯಾರು ಮೊದಲು ಹೊಡೆದರು ಎಂಬ ತನಿಖೆಯಿಂದ ಈ ಹಗೆ ನಿಲ್ಲದು. 1974ರಲ್ಲಿ ಇದೇ ಊರಿನ ಇಂಪೀರಿಯಲ್ ಟೈಪ್‌ರೈಟರ್ಸ್ ಕಾರ್ಖಾನೆಯಲ್ಲಿ ಏಷ್ಯನ್ ಕಾರ್ಮಿಕರು ವೇತನದ ಅನ್ಯಾಯದ ವಿರುದ್ಧ ಮುಷ್ಕರ ಹೂಡಿದರು. ಸ್ವಂತ ಯೂನಿಯನ್ನೇ ಅವರ ಕೈಬಿಟ್ಟಿತು. ಆ ಕಥೆಯನ್ನು ಮಂದಿರ ಮಸೀದಿಗಳ ಹಿರಿಯರು ಮಕ್ಕಳಿಗೆ ಹೇಳಲಿ. ಅಂಥ ಅನ್ಯಾಯ ಅಲ್ಲಿಗೇ ಮುಗಿಯಲಿಲ್ಲ: ಲೆಸ್ಟರ್‌ನ ಗಾರ್ಮೆಂಟ್ ಘಟಕಗಳು ಕನಿಷ್ಠ ಕೂಲಿಯನ್ನೂ ಕೊಡುತ್ತಿಲ್ಲವೆಂಬ ವರದಿಗಳು 2020ರಲ್ಲಿ ಬಂದವು. ಅಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತವರಲ್ಲಿ ಹೊಸಬರೂ ಇದ್ದರು. ಕೋಪ ತೋರಬೇಕಾದ ಜಾಗ ಆ ಮಾಲೀಕರ ಕಚೇರಿ, ಪಕ್ಕದ ಬೀದಿಯ ದಮನ್ ಹುಡುಗನ ಮನೆಯಲ್ಲ.