‘ಲಾಯಲ್ಟಿ’ ಯಾರಿಗೆ?

ಏಪ್ರಿಲ್ 5 ಬಂತೆಂದರೆ ಸರ್ಕಾರಿ ಕಚೇರಿಗಳಲ್ಲಿ ರಾಷ್ಟ್ರೀಯ ಕಡಲಯಾನ ದಿನದ ಸಂದೇಶ ಓಡಾಡುತ್ತದೆ. 1919ರ ಆ ದಿನ ಸಿಂಧಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿಯ ‘ಎಸ್.ಎಸ್. ಲಾಯಲ್ಟಿ’ ಮುಂಬಯಿಯಿಂದ ಲಂಡನ್ನಿಗೆ ಹೊರಟಿತು, ಭಾರತೀಯರ ಹಡಗುಯಾನದ ಚರಿತ್ರೆ ಅಲ್ಲಿಂದ ಆರಂಭವಾಯಿತು ಎಂಬುದು ಅದರ ಸಾರ. ಕಡಲಿಲ್ಲದ ಹೈದರಾಬಾದಿನಲ್ಲಿ ಕುಳಿತು ವರ್ಷವರ್ಷವೂ ಈ ಕಾಗದವನ್ನು ಕಡತಕ್ಕೆ ಸೇರಿಸುವ ನನಗೆ ಆ ‘ಆರಂಭ’ದ ಬಗ್ಗೆ ತಕರಾರಿದೆ.

ಇಂಗ್ಲಿಷ್ ಎಂ.ಎ. ಮಾಡಿದವನಿಗೆ ಪದಗಳನ್ನು ಅನುಮಾನಿಸುವುದೊಂದು ಚಟ. ಲಾಯಲ್ಟಿ ಎಂದರೆ ನಿಷ್ಠೆ, ಯಾರಿಗೆ? ಇಂಗ್ಲೆಂಡಿನ ಬ್ಯಾರೋದಲ್ಲಿ ಕಟ್ಟಿದ ಈ ಹಡಗಿನ ಮೊದಲ ಹೆಸರು ‘ಎಂಪ್ರೆಸ್ ಆಫ್ ಇಂಡಿಯಾ’, ಅಂದರೆ ಸಾಕ್ಷಾತ್ ವಿಕ್ಟೋರಿಯಾ. ಕೆನಡಿಯನ್ ಪೆಸಿಫಿಕ್ ಕಂಪನಿಗಾಗಿ 1891ರಿಂದ ಹಾಂಗ್‌ಕಾಂಗಿಗೂ ವ್ಯಾಂಕೂವರಿಗೂ ನಡುವೆ ಟಪಾಲನ್ನೂ ಪ್ರಯಾಣಿಕರನ್ನೂ ಹೊತ್ತ, ತನ್ನ ಕಾಲದಲ್ಲಿ ಹೆಸರಾಂತ ಹಡಗು ಅದು. ಅದೇ ವ್ಯಾಂಕೂವರಿನಲ್ಲಿ 1914ರಲ್ಲಿ ‘ಕೊಮಗಾಟ ಮಾರು’ವಿನ 376 ಭಾರತೀಯ ಪ್ರಯಾಣಿಕರ ಪೈಕಿ ಬೆರಳೆಣಿಕೆಯವರನ್ನು ಬಿಟ್ಟು ಉಳಿದವರನ್ನು ದಡಕ್ಕಿಳಿಯಗೊಡದೆ, ಎರಡು ತಿಂಗಳ ಮೇಲೆ ಹಿಂದಕ್ಕಟ್ಟಿದರು. ಭಾರತದ ಸಾಮ್ರಾಜ್ಞಿಗೆ ತೆರೆದಿದ್ದ ಬಂದರು ಭಾರತದ ಪ್ರಜೆಗಳಿಗೆ ಮುಚ್ಚಿತ್ತು. ಅದೇ ವರ್ಷಾಂತ್ಯದಲ್ಲಿ ಗ್ವಾಲಿಯರಿನ ಮಹಾರಾಜರು ಹಡಗನ್ನು ಕೊಂಡು, ಯುದ್ಧದ ಗಾಯಾಳುಗಳಿಗಾಗಿ ಆಸ್ಪತ್ರೆಯಾಗಿಸಿ, ‘ಲಾಯಲ್ಟಿ’ ಎಂದು ಹೆಸರಿಟ್ಟರು. ನಿಷ್ಠೆಗೆ ಆಗ ಒಳ್ಳೆಯ ಬೆಲೆಯಿತ್ತು. ನಮ್ಮ ಊರಿನ ನಿಜಾಮರಿಗೂ 1918ರಲ್ಲಿ ‘ಬ್ರಿಟಿಷ್ ಸರ್ಕಾರದ ನಿಷ್ಠಾವಂತ ಮಿತ್ರ’ ಎಂಬ ಬಿರುದು ಸಿಕ್ಕಿತಲ್ಲ!

ಇನ್ನು ‘ಆರಂಭ’ದ ಮಾತು. ಲಾಯಲ್ಟಿಗಿಂತ ಹನ್ನೆರಡು ವರ್ಷ ಮೊದಲೇ ವ.ಉ. ಚಿದಂಬರಂ ಪಿಳ್ಳೆಯವರ ಹಡಗುಗಳು ತೂತ್ತುಕ್ಕುಡಿ–ಕೊಲಂಬೊ ನಡುವೆ ಓಡಿದ್ದವು. 1906ರಲ್ಲಿ ಅವರು ಸ್ಥಾಪಿಸಿದ ಸ್ವದೇಶಿ ಸ್ಟೀಮ್ ನ್ಯಾವಿಗೇಷನ್ ಕಂಪನಿ ‘ಗ್ಯಾಲಿಯಾ’, ‘ಲಾವೋ’ ಎಂಬೆರಡು ಹಡಗುಗಳನ್ನು ತರಿಸಿತು. ಎದುರಾಳಿ ಬ್ರಿಟಿಷ್ ಇಂಡಿಯಾ ಕಂಪನಿ ದರ ಇಳಿಸಿ ಹಣಿಯಲು ನೋಡಿತು. 1908ರಲ್ಲಿ ಸರ್ಕಾರವೇ ರಾಜದ್ರೋಹದ ಆರೋಪ ಹೊರಿಸಿ ಪಿಳ್ಳೆಯವರನ್ನು ಸೆರೆಗೆ ತಳ್ಳಿತು. ವಕೀಲರಾಗಿದ್ದ ಅವರಿಂದ ಕೊಯಮತ್ತೂರು ಜೈಲಿನಲ್ಲಿ ಎತ್ತಿನಂತೆ ಗಾಣ ಎಳೆಸಿದರು. 1912ರ ಕೊನೆಗೆ ಅವರು ಹೊರಬಂದಾಗ ಕಂಪನಿ ಉಳಿದಿರಲಿಲ್ಲ.

ತೂತ್ತುಕ್ಕುಡಿಯದು ಕಿರುದಾರಿ, ಲಾಯಲ್ಟಿಯದು ಸಾಗರಯಾನ ಎಂದು ಕೆಲವರು ವಾದಿಸುತ್ತಾರೆ. ಮೈಲಿ ಅಳೆದು ಕೊಡುವ ಗೌರವವಾದರೆ ಹಾಗೆಂದೇ ಬರೆಯಲಿ. ಬಂದರಿಗೆ ಅವರ ಹೆಸರಿಟ್ಟಾಗಿದೆ ಎನ್ನುವವರಿಗೆ ಒಂದು ಪ್ರಶ್ನೆ: ಆ ಹೆಸರು ಏಪ್ರಿಲ್ ಸಂದೇಶದೊಳಗೇಕೆ ಬರುವುದಿಲ್ಲ?

ವಾಲ್‌ಚಂದ್ ಹೀರಾಚಂದರನ್ನು ಕಿರಿದು ಮಾಡುವುದು ನನ್ನ ಉದ್ದೇಶವಲ್ಲ. ಕನ್ನಡವೂ ಕಿವಿಗೆ ಬೀಳುವ ಸೊಲ್ಲಾಪುರದಲ್ಲಿ ಹುಟ್ಟಿದ ಅವರು 1940ರಲ್ಲಿ ಮೈಸೂರು ಸರ್ಕಾರದ ಜೊತೆಗೂಡಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆರೆದರು. ಮರುವರ್ಷ ವಿಶಾಖಪಟ್ಟಣದಲ್ಲಿ ಹಡಗುಕಟ್ಟೆಗೆ ಅಡಿಗಲ್ಲು ಹಾಕಿಸಿದರು. ಬ್ರಿಟಿಷ್ ಕಂಪನಿಗಳೊಡನೆ ಅವರು ನಡೆಸಿದ ದರಸಮರವೂ ಸಣ್ಣದಲ್ಲ. ಆದರೆ ಆ ಹೋರಾಟ ನಡೆದದ್ದು ಲಾಯಲ್ಟಿಯಿಂದಲ್ಲ. ಮೂವತ್ತು ದಾಟಿದ ಆ ಹಡಗು ಲಾಭ ತರದೆ 1923ರಲ್ಲಿ ಮುಂಬಯಿಯಲ್ಲಿ ಗುಜರಿಯಾಯಿತು. ಈ ಸಂಗತಿಯೂ ಸಂದೇಶದಲ್ಲಿಲ್ಲ.