ವಿದೇಶಿ ಭಾಷೆ ಕಲಿಸುವುದಾದರೆ ಸ್ಪ್ಯಾನಿಷ್ ಕಲಿಸಿ
ದುಂಡಸಿ ಹೋಬಳಿಯ ಮತ್ತು ಶಿಗ್ಗಾಂವಿ, ಸವಣೂರು, ಹಾನಗಲ್ಲ, ಹಿರೇಕೆರೂರು ತಾಲ್ಲೂಕುಗಳ ಪಾಲಕರಿಗೂ ಶಾಲಾ ಆಡಳಿತ ಮಂಡಳಿಗಳಿಗೂ ಒಂದು ವಿನಂತಿ



ಮಕ್ಕಳಿಗೆ ಶಾಲೆಯಲ್ಲಿಯೇ ಒಂದು ವಿದೇಶಿ ಭಾಷೆ ಕಲಿಸಬೇಕೆಂಬ ಮಾತು ಈಗ ಬೆಂಗಳೂರು ದಾಟಿ ನಮ್ಮ ಕಡೆಗೂ ಬಂದಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪ್ರೌಢಶಾಲೆಯಲ್ಲಿ ಕಲಿಸಬಹುದಾದ ವಿದೇಶಿ ಭಾಷೆಗಳ ಸಾಲಿನಲ್ಲಿ ಫ್ರೆಂಚ್, ಸ್ಪ್ಯಾನಿಷ್ ಎರಡನ್ನೂ ಹೆಸರಿಸಿದೆ. ಯಾವುದಾದರೂ ಆದೀತು ಎಂದು ಸುಮ್ಮನಿರುವ ವಿಷಯ ಇದಲ್ಲ. ನಮ್ಮ ಊರುಗಳ ಮಕ್ಕಳಿಗೆ ಸ್ಪ್ಯಾನಿಷ್ ಸರಿ ಎಂಬುದು ನಮ್ಮ ಖಚಿತ ಅಭಿಪ್ರಾಯ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ, ಹೊಲಕ್ಕೆ ಹೋದರೆ ಸಾಕು.

ಹಾವೇರಿ ಜಿಲ್ಲೆಯ ತುಂಬ ಗೋವಿನಜೋಳ. ಅದರ ತವರು ಮೆಕ್ಸಿಕೊ. ಬ್ಯಾಡಗಿ ಮೆಣಸಿನಕಾಯಿ ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ಬೆಳೆಯ ಮೂಲವೂ ಅಮೆರಿಕ ಖಂಡವೇ. ಪೋರ್ಚುಗೀಸರ ಹಡಗಿನಲ್ಲಿ ಗೋವೆಗೆ ಬಂದು ಘಟ್ಟ ಹತ್ತಿತು. ಶೇಂಗಾ ದಕ್ಷಿಣ ಅಮೆರಿಕದ್ದು. ಟೊಮೆಟೊ, ಬಟಾಟೆ, ಪೇರಲ ಕೂಡ ಆ ಕಡೆಯವೇ. ಹೈಬ್ರಿಡ್ ಹತ್ತಿಯ ಮಾತೂ ಹಾಗೆಯೇ. 1972ರಲ್ಲಿ ಧಾರವಾಡದಲ್ಲಿ ಡಾ. ಬಿ.ಎಚ್. ಕತರಕಿಯವರು ರೂಪಿಸಿದ ವರಲಕ್ಷ್ಮಿ ಹೈಬ್ರಿಡ್ ಹತ್ತಿಯನ್ನು ಹಿರಿಯರು ಇನ್ನೂ ನೆನೆಯುತ್ತಾರೆ. ಅದರ ಎರಡು ಪೋಷಕ ಜಾತಿಗಳೂ ಮೂಲದಲ್ಲಿ ಅಮೆರಿಕ ಖಂಡದವು. ಈ ಬೆಳೆಗಳನ್ನು ಸಾವಿರಾರು ವರ್ಷಗಳಿಂದ ಬೆಳೆಸಿಕೊಂಡು ಬಂದ ಮೆಕ್ಸಿಕೊ, ಗ್ವಾಟೆಮಾಲಾ, ಪೆರು, ಬೊಲಿವಿಯಾ ದೇಶಗಳಲ್ಲಿ ಇಂದು ಹೆಚ್ಚಿನವರು ಆಡುವ ಭಾಷೆ ಸ್ಪ್ಯಾನಿಷ್.

ಬೆಳೆ ಬಂದ ಮೇಲೆ ಅದರ ಕೀಟವೂ ಬಂತು. 2018ರ ಮುಂಗಾರಿನ ಹೊತ್ತಿಗೆ ಶಿವಮೊಗ್ಗದ ಗೋವಿನಜೋಳದ ಹೊಲದಲ್ಲಿ ಒಂದು ಹೊಸ ಸೈನಿಕ ಹುಳು ಕಾಣಿಸಿಕೊಂಡಿತು. ಭಾರತದಲ್ಲಿ ಅದು ಮೊದಲು ಸಿಕ್ಕಿದ್ದೇ ಅಲ್ಲಿ, ನಮ್ಮ ಪಕ್ಕದ ಜಿಲ್ಲೆಯಲ್ಲಿ. ಆಮೇಲೆ ಏನಾಯಿತೆಂದು ನಿಮಗೆ ಹೇಳಬೇಕಿಲ್ಲ. ಬೆಳಗ್ಗೆ ಹೊಲಕ್ಕೆ ಹೋಗಿ ಸುಳಿ ಬಿಡಿಸಿದರೆ ಒಳಗೆ ಕಟ್ಟಿಗೆ ಪುಡಿಯಂಥ ಒದ್ದೆ ಹಿಕ್ಕೆ, ಎಲೆಯಲ್ಲಿ ಸಾಲು ತೂತು, ಹಿಕ್ಕೆಯ ಕೆಳಗೆ ಮುದುರಿಕೊಂಡ ಹುಳು. ಅದರ ತಲೆಯ ಮೇಲೆ ತಲೆಕೆಳಗಾದ ವೈ ಅಕ್ಷರದ ಗುರುತು, ಬಾಲದ ಕಡೆ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ. ಔಷಧ ಹೊಡೆದರೂ ಸುಳಿಯೊಳಗೆ ಕುಳಿತ ಹುಳಕ್ಕೆ ತಾಗುತ್ತಿರಲಿಲ್ಲ. ಅಕ್ಕಿ ತೌಡು, ಬೆಲ್ಲ ಕಲಸಿ ಹುದುಗಿಸಿ, ವಿಷ ಬೆರೆಸಿ ಸುಳಿಗೆ ಹಾಕುವ ಪದ್ಧತಿ ಕೃಷಿ ಇಲಾಖೆಯ ಮೂಲಕ ನಮಗೆ ತಲುಪುವಷ್ಟರಲ್ಲಿ ಎಷ್ಟೋ ಮಂದಿಯ ಒಂದು ಹಂಗಾಮು ಹಾಳಾಗಿತ್ತು.

ಆ ಹುಳದ ತವರೂ ಅಮೆರಿಕ ಖಂಡವೇ. ಮಧ್ಯ ಅಮೆರಿಕದ ಸಣ್ಣ ರೈತರು ತಲೆತಲಾಂತರದಿಂದ ಅದರ ಜೊತೆಗೇ ಬದುಕಿದ್ದಾರೆ. ಸುಳಿಗೆ ಮಣ್ಣು, ಬೂದಿ, ಉಸುಕು ಹಾಕುವುದು, ಗೋವಿನಜೋಳದ ಜೊತೆ ಅವರೆಕುಲದ ಬೆಳೆ, ಕುಂಬಳ ಬೆರೆಸಿ ಬಿತ್ತುವುದು, ಹುಳುವಿನ ಶತ್ರು ಕೀಟಗಳನ್ನು ಉಳಿಸಿಕೊಳ್ಳುವುದು, ಇವೆಲ್ಲ ಅವರು ಬಲ್ಲ ದಾರಿಗಳು. ಹೊಂಡುರಾಸ್‌ನಲ್ಲಿ 1940ರ ದಶಕದಿಂದ ನಡೆಯುತ್ತಿರುವ ಜಮೊರಾನೊ ಕೃಷಿ ಶಾಲೆ ಪಾಠ ಹೇಳುವುದು ಸ್ಪ್ಯಾನಿಷ್‌ನಲ್ಲಿ. ಗೋವಿನಜೋಳ ಮತ್ತು ಗೋಧಿಯ ಅಂತರರಾಷ್ಟ್ರೀಯ ಸಂಶೋಧನಾ ಕೇಂದ್ರ ಸಿಮ್ಮಿಟ್ 1966ರಿಂದ ಇರುವುದು ಮೆಕ್ಸಿಕೊದಲ್ಲಿ, ಬಟಾಟೆಯ ಕೇಂದ್ರ 1971ರಿಂದ ಇರುವುದು ಪೆರುವಿನ ಲಿಮಾದಲ್ಲಿ. ವಿಜ್ಞಾನಿಗಳ ಪ್ರಬಂಧಗಳು ಇಂಗ್ಲಿಷಿನಲ್ಲಿ ಸಿಗುತ್ತವೆ, ನಿಜ. ರೈತ ರೈತನಿಗೆ ಹೇಳುವ ಮಾತು, ಹೊಲದಲ್ಲಿ ನಿಂತು ತೆಗೆದ ವಿಡಿಯೊ, ಹಳ್ಳಿಗೆ ಹಂಚಿದ ಚೀಟಿ ಇಂಗ್ಲಿಷಿಗೆ ಬರುವುದು ಕಡಿಮೆ. ದುಂಡಸಿಯ ಹುಡುಗಿಯೊಬ್ಬಳು ಅದನ್ನು ನೇರವಾಗಿ ಓದಿ, ಅಪ್ಪನಿಗೆ ಕನ್ನಡದಲ್ಲಿ ಹೇಳುವಂತಾಗಬೇಕು. ಹಿರೇಕೆರೂರು, ರಾಣೆಬೆನ್ನೂರು ಕಡೆ ಕ್ರಾಸಿಂಗ್ ಮಾಡಿ ಹೈಬ್ರಿಡ್ ಟೊಮೆಟೊ, ಮೆಣಸಿನಕಾಯಿ ಬೀಜ ತೆಗೆಯುವ ಮನೆಗಳಿವೆ. ಆ ಮನೆಯ ಮಕ್ಕಳು ಬೀಜದ ವ್ಯವಹಾರದಲ್ಲಿ ಮೇಲೆ ಬರಬೇಕಾದರೂ ಈ ಭಾಷೆ ಕೈಹಿಡಿಯುತ್ತದೆ.

ಇನ್ನು ಕಲಿಯುವ ಕಷ್ಟದ ವಿಷಯ. ಕನ್ನಡದ ಮಗು ಬರೆದಂತೆ ಓದಿ, ಓದಿದಂತೆ ಬರೆದು ಅಭ್ಯಾಸವಾದದ್ದು. ಸ್ಪ್ಯಾನಿಷ್ ಹೆಚ್ಚೂಕಡಿಮೆ ಹಾಗೆಯೇ ಇದೆ. ಅ, ಎ, ಇ, ಒ, ಉ ಎಂಬ ಐದೇ ಸ್ವರ. ತ, ದ ನಮ್ಮವೇ. ನಾಲ್ಕಾರು ನಿಯಮ ತಿಳಿದ ಮೇಲೆ ಅರ್ಥ ಗೊತ್ತಿಲ್ಲದ ಪುಟವನ್ನೂ ಮಗು ತಡವರಿಸದೆ ಓದಬಲ್ಲದು. ಫ್ರೆಂಚಿನಲ್ಲಿ ಬರೆದ ಅಕ್ಷರಗಳಲ್ಲಿ ಎಷ್ಟೋ ಉಚ್ಚಾರಕ್ಕೆ ಬರುವುದಿಲ್ಲ. ರೆನೋ ಕಾರಿನ ಹಿಂದೆ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಹೆಸರನ್ನು ನೋಡಿದವರಿಗೆ ಇದು ಗೊತ್ತು: ಕೊನೆಯ ಎಲ್ ಮತ್ತು ಟಿ ಬರವಣಿಗೆಯಲ್ಲಿ ಮಾತ್ರ. ಇಂಗ್ಲಿಷ್ ಕಾಗುಣಿತದ ಜೊತೆ ಈಗಾಗಲೇ ಹೆಣಗುತ್ತಿರುವ ಹಳ್ಳಿಯ ಮಗುವಿಗೆ ಅಂಥದೇ ಇನ್ನೊಂದು ಭಾರ ಏಕೆ?

ಸ್ಪ್ಯಾನಿಷ್ 20 ದೇಶಗಳ ಆಡಳಿತ ಭಾಷೆ. ಸುಮಾರು 50 ಕೋಟಿ ಜನರ ಮಾತೃಭಾಷೆ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲೇ 4 ಕೋಟಿಗೂ ಹೆಚ್ಚು ಜನ ಮನೆಯಲ್ಲಿ ಅದನ್ನೇ ಆಡುತ್ತಾರೆ.

ಫ್ರೆಂಚನ್ನು ನಾವು ಕೀಳಾಗಿ ಕಾಣುತ್ತಿಲ್ಲ. ಕೆನಡಾಕ್ಕೆ ಹೋಗಬೇಕೆಂದು ನಿಶ್ಚಯಿಸಿದ ಕುಟುಂಬಕ್ಕೆ ಅದು ನೆರವಾದೀತು. ಬೆಂಗಳೂರಿನಲ್ಲಿ ಅಲಿಯಾನ್ಸ್ ಫ್ರಾನ್ಸೇಸ್ ಬಹಳ ಕಾಲದಿಂದ ಪಾಠ ಹೇಳುತ್ತಿದೆ, ಶಿಕ್ಷಕರೂ ಹೆಚ್ಚು ಸಿಗುತ್ತಾರೆ. ಆದರೆ ನಮ್ಮ ರಾಜ್ಯದಲ್ಲಿ ಫ್ರೆಂಚಿಗೆ ಇನ್ನೊಂದು ಆಕರ್ಷಣೆ ಅಂಟಿಕೊಂಡಿದೆ. ಪಿಯುಸಿಯ ಭಾಷೆಗಳ ಪಟ್ಟಿಯಲ್ಲಿ ಅದಿದೆ. ಮೊದಲಿನಿಂದ ಕಲಿಯುವವರ ಪಾಠ, ಹಗುರ ಪ್ರಶ್ನೆ, ಹೆಚ್ಚು ಅಂಕ ಎಂಬ ಆಸೆಗೆ ಕನ್ನಡ ಬಿಟ್ಟು ಅದನ್ನು ತೆಗೆದುಕೊಳ್ಳುವವರಿದ್ದಾರೆ. ಎರಡು ವರ್ಷ ಮುಗಿಯುವಷ್ಟರಲ್ಲಿ ಕನ್ನಡ ಕೈಬಿಟ್ಟಿರುತ್ತದೆ, ಫ್ರೆಂಚ್ ಕೈಗೆ ಸಿಕ್ಕಿರುವುದಿಲ್ಲ.

ಈ ರೋಗ ಹೊಸದಲ್ಲ. ಹಿಂದೆ ಪ್ರೌಢಶಾಲೆಯಲ್ಲಿ ಅಂಕದ ಆಸೆಗೆ ಕನ್ನಡ ಬಿಟ್ಟು ಸಂಸ್ಕೃತವನ್ನು ಪ್ರಥಮ ಭಾಷೆಯಾಗಿ ತೆಗೆದುಕೊಳ್ಳುತ್ತಿದ್ದರು. ಆ ಪ್ರಶ್ನೆ ಪರಿಶೀಲಿಸಲು ಸರ್ಕಾರ 1980ರಲ್ಲಿ ನೇಮಿಸಿದ ಸಮಿತಿಯ ಅಧ್ಯಕ್ಷರು ನಮ್ಮ ಸವಣೂರಿನಲ್ಲಿ 1909ರಲ್ಲಿ ಹುಟ್ಟಿದ ವಿನಾಯಕ ಕೃಷ್ಣ ಗೋಕಾಕರು. ಆಕ್ಸ್‌ಫರ್ಡ್‌ನಲ್ಲಿ ಓದಿ, ಜೀವಮಾನವೆಲ್ಲ ಇಂಗ್ಲಿಷ್ ಕಲಿಸಿದ ಅವರೇ ಪ್ರೌಢಶಾಲೆಯಲ್ಲಿ ಕನ್ನಡವೊಂದೇ ಪ್ರಥಮ ಭಾಷೆಯಾಗಲಿ ಎಂದು ವರದಿ ಕೊಟ್ಟರು. 1982ರಲ್ಲಿ ಡಾ. ರಾಜಕುಮಾರ್ ಮುಂದೆ ನಿಂತು ನಾಡೇ ಬೀದಿಗಿಳಿದದ್ದು ಆ ವರದಿಗಾಗಿ. ನಾಲ್ಕು ಭಾಷೆ ಬಲ್ಲವರೂ ತಾಯಿನುಡಿಯನ್ನು ಹೇಗೆ ಕಾಯಬಹುದು ಎಂಬುದಕ್ಕೆ ನಮ್ಮ ನೆಲದವರೇ ಸಾಕ್ಷಿ ಇರುವಾಗ ನಾವು ಅಂಕಕ್ಕೆ ಮರುಳಾಗಬಾರದು.

ಆದ್ದರಿಂದ ಸ್ಪ್ಯಾನಿಷ್ ಬರಲಿ, ಆದರೆ ಕನ್ನಡದ ಜಾಗಕ್ಕೆ ಬರುವುದು ಬೇಡ. ಉರ್ದು ಮಾಧ್ಯಮದ ಮಕ್ಕಳಿಗೆ ಉರ್ದುವಿನ ಜಾಗಕ್ಕೂ ಬೇಡ. ಎಂಟನೆಯ ತರಗತಿಯಿಂದ ವಾರಕ್ಕೆ ಎರಡು ಪಿರಿಯಡ್, ಅಂಕಪಟ್ಟಿಯ ಹೊರಗೆ. ಮಾತು ಮೊದಲು, ವ್ಯಾಕರಣ ಆಮೇಲೆ. ಮುಂದೆ ಪ್ರಮಾಣಪತ್ರ ಬೇಕೆನ್ನುವವರಿಗೆ ಸ್ಪೇನ್ ಸರ್ಕಾರದ ಡೆಲೆ ಪರೀಕ್ಷೆಯಿದೆ, ಹೆಚ್ಚಿಗೆ ಓದುವವರಿಗೆ ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯವಿದೆ.

ಶಿಕ್ಷಕರು ಎಲ್ಲಿಂದ ಬರಬೇಕು ಎಂದು ಕೇಳುತ್ತೀರಿ. ಸರಿಯಾದ ಪ್ರಶ್ನೆ. ದುಂಡಸಿಗೆ ಬಂದು ಮನೆ ಮಾಡುವ ಸ್ಪ್ಯಾನಿಷ್ ಮೇಷ್ಟ್ರು ಸಿಗುವುದು ಕಷ್ಟ. ನಾಲ್ಕೈದು ಶಾಲೆಗಳು ಕೂಡಿ ಒಬ್ಬ ತರಬೇತಾದ ಶಿಕ್ಷಕರನ್ನು ನೇಮಿಸಿಕೊಂಡು ಆನ್‌ಲೈನ್‌ನಲ್ಲಿ ಪಾಠ ಹೇಳಿಸಬಹುದು. ತಿಂಗಳಿಗೊಮ್ಮೆ ಅವರು ಇಲ್ಲಿಗೆ ಬಂದು ಮಕ್ಕಳ ಬಾಯಿಂದ ಮಾತಾಡಿಸಲಿ. ಸರ್ಕಾರಿ ಶಾಲೆಯ ಮಕ್ಕಳು ಹೊರಗುಳಿಯಬಾರದು. ಗ್ರಾಮ ಪಂಚಾಯ್ತಿಯ ಅರಿವು ಕೇಂದ್ರದಲ್ಲಿ ಕಂಪ್ಯೂಟರ್ ಇರುವಲ್ಲಿ ಸಂಜೆ ಅದೇ ಪಾಠಕ್ಕೆ ಕೂರಿಸಬಹುದು. ಶಿಕ್ಷಕರೇ ಇಲ್ಲದೆ ಪುಸ್ತಕ ಮಾರಿ, ಫೀ ಹೆಚ್ಚಿಸಿ, ಜಾಹೀರಾತಿನಲ್ಲಿ ವಿದೇಶಿ ಭಾಷೆ ಎಂದು ಹಾಕಿಕೊಳ್ಳುವ ಶಾಲೆಯಿದ್ದರೆ ಅದಕ್ಕೆ ಒಪ್ಪಬೇಡಿ. ಅಂಥ ಸ್ಪ್ಯಾನಿಷ್‌ಗಿಂತ ಒಂದು ತಾಸು ಒಳ್ಳೆಯ ಕನ್ನಡ ಪಾಠ ಮೇಲು.

ಬರುವ ಜೂನ್‌ನಲ್ಲಿ ಶಾಲೆ ಆರಂಭವಾದಾಗ ಪಾಲಕರ ಸಭೆ, ಎಸ್‌ಡಿಎಂಸಿ ಸಭೆ ಕರೆಯುತ್ತಾರೆ. ತಾಯಂದಿರೂ ತಪ್ಪದೆ ಬನ್ನಿ. ಯಾವ ವಿದೇಶಿ ಭಾಷೆ, ಕಲಿಸುವವರು ಯಾರು, ಅದಕ್ಕಾಗಿ ಕನ್ನಡದ ಪಿರಿಯಡ್ ಕಡಿಮೆ ಮಾಡುತ್ತೀರಾ ಎಂದು ಮೂರೂ ಪ್ರಶ್ನೆ ಕೇಳಿ, ಉತ್ತರವನ್ನು ಠರಾವು ಪುಸ್ತಕದಲ್ಲಿ ಬರೆಸಿ ಸಹಿ ಹಾಕಿ.

ದುಂಡಸಿಯ ಪಾಲಕರು