ಎಮರ್ಜೆನ್ಸಿ ಕಾಂಟ್ಯಾಕ್ಟ್ ಯಾರು?

ಏಪ್ರಿಲ್ 15 ದಾಟಿತು. ರಿಟರ್ನ್ ಕಳಿಸಿದವರು ನಿರಾಳ, ಎಕ್ಸ್‌ಟೆನ್ಷನ್ ಹಾಕಿದವರಿಗೆ ಅಕ್ಟೋಬರ್ 15ರವರೆಗೆ ಉಸಿರು. ಈ ಮೂರು ತಿಂಗಳು ನಾವು ಲೆಕ್ಕ ನೋಡಿದ್ದಕ್ಕಿಂತ ಮಾತು ಕೇಳಿದ್ದೇ ಹೆಚ್ಚು. ಡಬ್ಲ್ಯೂ-2 ಕಾಗದ ಮೇಜಿನ ಮೇಲಿಟ್ಟು ಕೂತವರು ಐದೇ ನಿಮಿಷಕ್ಕೆ ತೆರಿಗೆ ಬಿಟ್ಟು ಬೇರೆ ಕಡೆ ಹೊರಳ್ತಾರೆ. ರೆಸ್ಟನ್ನಿನವರಾಗಲಿ, ಫೋನಿನಲ್ಲಿ ಸಿಗೋ ಅಲ್ಫರೆಟ್ಟಾ, ಕ್ಯಾರಿ, ಷಾರ್ಲೆಟ್ ಕಡೆಯವರಾಗಲಿ, ಎಲ್ಲರದ್ದೂ ಒಂದೇ ರಾಗ: "ಸಾರ್, ಸಂಬಳ ಬರ್ತಿದೆ, ಆದ್ರೆ ಯಾವುದಕ್ಕೂ ಮನಸ್ಸೇ ಏಳಲ್ಲ." ಒಬ್ಬರು ಊರಲ್ಲಿ ಕೊಳಲು ಕಲಿತವರು. ಇಲ್ಲಿಗೆ ಬಂದು ಏಳು ವರ್ಷ, ಕೊಳಲು ಇನ್ನೂ ಸೂಟ್‌ಕೇಸಿನಲ್ಲೇ ಇದೆಯಂತೆ.

ನಾವು ಓದಿದ್ದು ಬಿಕಾಂ, ಮನಶ್ಶಾಸ್ತ್ರ ನಮ್ಮ ಸಬ್ಜೆಕ್ಟಲ್ಲ. ಆದರೆ ಇದರ ಬಗ್ಗೆ ಅಧಿಕಾರದಿಂದ ಮಾತಾಡಿದ ಒಬ್ಬರು ನಮ್ಮವರೇ ಇದ್ದಾರೆ. ಡಾ. ವಿವೇಕ್ ಮೂರ್ತಿ. ತಂದೆಯ ಊರು ಮಂಡ್ಯ ಜಿಲ್ಲೆಯ ಹಲ್ಲೇಗೆರೆ. ಇವರು ಹುಟ್ಟಿದ್ದು ಇಂಗ್ಲೆಂಡಿನಲ್ಲಿ, ಬೆಳೆದದ್ದು ಮಯಾಮಿಯಲ್ಲಿ. ಎರಡು ಸಲ ಅಮೆರಿಕದ ಸರ್ಜನ್ ಜನರಲ್ ಆದರು. 2023ರ ಮೇ ತಿಂಗಳಲ್ಲಿ ಅವರ ಕಚೇರಿ ಹೊರಡಿಸಿದ ಎಚ್ಚರಿಕೆ ಸಿಗರೇಟಿನ ಮೇಲಲ್ಲ, ಒಂಟಿತನದ ಮೇಲೆ. ಈ ದೇಶದ ವಯಸ್ಕರಲ್ಲಿ ಸುಮಾರು ಅರ್ಧ ಜನ ತಾವು ಒಂಟಿ ಅಂತ ಹೇಳಿಕೊಂಡಿದ್ದಾರೆ, ಜನಸಂಪರ್ಕ ಕಡಿದುಕೊಂಡವರ ಆಯುಷ್ಯಕ್ಕೆ ಬರುವ ಕುತ್ತು ದಿನಕ್ಕೆ 15 ಸಿಗರೇಟು ಸೇದಿದ್ದಕ್ಕೆ ಸಮ ಎಂದಿತ್ತು ಅದು. 2025ರ ಜನವರಿಯಲ್ಲಿ ಹುದ್ದೆ ಬಿಡುವಾಗ ಅವರು ಕೊನೆಯದಾಗಿ ಬರೆದುಕೊಟ್ಟ ಚೀಟಿಯಲ್ಲಿ ಇದ್ದದ್ದು ಮಾತ್ರೆ ಹೆಸರಲ್ಲ. ಸಂಬಂಧ, ಸೇವೆ, ಬದುಕಿಗೊಂದು ಉದ್ದೇಶ, ಈ ಮೂರು.

ಇದನ್ನು ನಮ್ಮ ಜನಕ್ಕೆ ಹೇಳಿದರೆ ನಗ್ತಾರೆ. "ನಮಗೇನು ಒಂಟಿತನ ಸಾರ್? ವಾಟ್ಸಾಪ್ ಗ್ರೂಪೇ ಹದಿನೈದಿವೆ." ಸರಿ, ಒಂದು ಸಣ್ಣ ಪರೀಕ್ಷೆ. ಮಗುವಿನ ಸ್ಕೂಲಿನ ಫಾರಂ ತುಂಬುವಾಗ ಎಮರ್ಜೆನ್ಸಿ ಕಾಂಟ್ಯಾಕ್ಟ್ ಅಂತ ಒಂದು ಸಾಲು ಬರುತ್ತಲ್ಲ, ಗಂಡ ಹೆಂಡತಿ ಬಿಟ್ಟು ಮೂರನೆಯ ಹೆಸರು ಯಾರದ್ದು ಬರೆದಿರಿ? ನಮಗೆ ಗೊತ್ತಿರುವ ಒಂದು ಮನೆಯಲ್ಲಿ ಎರಡನೇ ಹೆರಿಗೆ ನೋವು ರಾತ್ರಿ ಎರಡು ಗಂಟೆಗೆ ಶುರುವಾಯಿತು. ಮೂರು ವರ್ಷದ ಮಗಳನ್ನು ಯಾರ ಹತ್ತಿರ ಬಿಡೋದು? ಮುನ್ನೂರು ಜನರ ಗ್ರೂಪಿನಲ್ಲಿ ಒಬ್ಬರ ಬಾಗಿಲೂ ಆ ಹೊತ್ತಿಗೆ ತಟ್ಟುವಂಥದ್ದಾಗಿರಲಿಲ್ಲ. ಕೊನೆಗೆ ಬಂದವರು ದೀಪಾವಳಿ ನಾಟಕದಲ್ಲಿ ಅವರ ಜೊತೆ ಪಾರ್ಟ್ ಮಾಡಿದ್ದ ಹಿರಿಯ ಅಮ್ಮ. ನೈಟಿ ಮೇಲೆ ಸ್ವೆಟರ್ ಹಾಕ್ಕೊಂಡು ಹದಿನೆಂಟು ಮೈಲಿ ಕಾರು ಓಡಿಸಿಕೊಂಡು ಬಂದರು.

ಆ ನಾಟಕ ಹೇಗಿತ್ತು ಅಂತ ಕೇಳಬೇಡಿ. ಸುಮಾರಾಗಿತ್ತು. ಆದರೆ ಹತ್ತು ಶನಿವಾರ ಒಂದೇ ಬೇಸ್‌ಮೆಂಟಿನಲ್ಲಿ ಮಾತು ಮರೆತು, ಬೈಸಿಕೊಂಡು, ಚಿತ್ರಾನ್ನ ಹಂಚಿಕೊಂಡು ತಿಂದವರಿಗೆ ಒಬ್ಬರ ಮನೆ ಬಾಗಿಲು ಇನ್ನೊಬ್ಬರಿಗೆ ತಿಳಿದಿರುತ್ತೆ. ಸುಮ್ಮನೆ "ಪರಿಚಯ ಮಾಡಿಕೊಳ್ಳೋಣ" ಅಂತ ಸೇರಿದವರು ಎರಡನೇ ಸಲಕ್ಕೇ ಚದುರುತ್ತಾರೆ, ಇದು ನಾವು ಎಷ್ಟೋ ಸಲ ನೋಡಿದ್ದು. ಕೈಗೊಂದು ಕೆಲಸ ಬೇಕು.

ಹುಮ್ಮಸ್ಸಿನ ವಿಷಯವೂ ಹಾಗೇ. ಬೆಳಗ್ಗೆ ಐದಕ್ಕೆ ಏಳಿ, ಗುರಿ ಬರೆದಿಡಿ ಅನ್ನುವ ವಿಡಿಯೋಗಳನ್ನು ನೋಡಿ ನೋಡಿ ಸುಸ್ತಾದವರೇ ಹೆಚ್ಚು. (ನೋಡಿದ ಒಂದು ಗಂಟೆಯಲ್ಲಿ ಕೊಳಲಿನ ಧೂಳಾದರೂ ಒರೆಸಬಹುದಿತ್ತು.) ಯು.ಆರ್. ಅನಂತಮೂರ್ತಿಯವರು 1963ರಲ್ಲಿ ಬರ್ಮಿಂಗ್‌ಹ್ಯಾಮ್‌ಗೆ ಪಿಎಚ್‌ಡಿ ಮಾಡಲು ಹೋದರು. ಪರದೇಶ, ಚಳಿ, ಹೊತ್ತೊತ್ತಿಗೂ ಇಂಗ್ಲಿಷು. ಒಂದು ಸಂಜೆ ತಮ್ಮ ಮೇಷ್ಟ್ರು ಮಾಲ್ಕಂ ಬ್ರಾಡ್‌ಬರಿ ಜೊತೆ ಬರ್ಗ್‌ಮನ್‌ನ 'ದಿ ಸೆವೆಂತ್ ಸೀಲ್' ನೋಡಿದರು. ಸ್ವೀಡಿಷ್ ಚಿತ್ರ, ಸಬ್‌ಟೈಟಲ್ ಇಲ್ಲ. ಆಮೇಲೆ ಇಬ್ಬರೂ ಆಡಿದ ಮಾತಿನಿಂದಲೇ 'ಸಂಸ್ಕಾರ' ಹುಟ್ಟಿತು ಅಂತ ಅವರೇ ಹೇಳಿಕೊಂಡಿದ್ದಾರೆ. 1965ರಲ್ಲಿ ಪುಸ್ತಕವಾಯಿತು. ಒಂದು ಅರ್ಥವಾಗದ ಸಿನಿಮಾ, ಜೊತೆಗೆ ಕೂತು ಮಾತಾಡೋಕೆ ಒಬ್ಬ ಮನುಷ್ಯ, ಇಷ್ಟೇ ಬಂಡವಾಳ. ಯಶವಂತ ಚಿತ್ತಾಲರು ಹಗಲು ಮುಂಬಯಿಯ ಪ್ಲಾಸ್ಟಿಕ್ ಕಂಪನಿಯಲ್ಲಿ ಕೆಮಿಕಲ್ ಎಂಜಿನಿಯರು; 1979ರ 'ಶಿಕಾರಿ' ಬಂದದ್ದು ಅಂಥ ಆಫೀಸಿನ ಒಳಜಗಳದೊಳಗಿಂದಲೇ. ನಾವೆಲ್ಲ 'ಶಿಕಾರಿ' ಬರೀಬೇಕಿಲ್ಲ. ಕೆಲಸ ಬಿಟ್ಟ ಮೇಲೆ ಬರೀತೀನಿ ಅನ್ನುವವರಿಗೆ ಮಾತ್ರ ಈ ಹೆಸರು.

ಎಚ್-4ನಲ್ಲಿ ಬಂದ ಹೆಣ್ಣುಮಕ್ಕಳ ಕಥೆ ಇನ್ನೂ ಬೇರೆ. 2015ರ ಮೇ ತಿಂಗಳವರೆಗೆ ಅವರಿಗೆ ಕೆಲಸದ ಪರ್ಮಿಟ್ಟೇ ಇರಲಿಲ್ಲ. ಈಗಲೂ ಗಂಡನದೋ ಹೆಂಡತಿಯದೋ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ಮುಟ್ಟದೆ ಸಿಗಲ್ಲ. ಎಂಟೆಕ್ ಓದಿ ಅಡುಗೆಮನೆಯಲ್ಲಿ ಕೂತವರನ್ನು ಕಂಡಿದ್ದೇವೆ. ಇಲ್ಲಿನ ಕನ್ನಡ ಶಾಲೆಗಳ ಅಕ್ಷರಮಾಲೆ ಬಹುಪಾಲು ಅಂಥ ಕೈಗಳಿಂದಲೇ ಬರೆಸಿದ್ದು. ಅದಕ್ಕೆ ಸಂಬಳದ ಚೀಟಿ ಇಲ್ಲವೆಂದು ಗಂಡಂದಿರೇ ಕೆಲವರು ಅದನ್ನ "ಟೈಂಪಾಸ್" ಅಂತಾರೆ. ಲೆಕ್ಕ ಬರೆಯುವವರಾಗಿ ಹೇಳ್ತೀವಿ, ಆ ಮಾತು ತಪ್ಪು ಖಾತೆಗೆ ಹೋಗಿದೆ.

ಇನ್ನು ಎಚ್-1ಬಿಯವರಿಗೆ ಭಯ ಇದ್ದೇ ಇದೆ. ಕೆಲಸ ಹೋದರೆ ಕೈಯಲ್ಲಿ ಹೆಚ್ಚೆಂದರೆ 60 ದಿನ. ಇಂಥದ್ದರ ನಡುವೆ ಕೊಳಲೆಲ್ಲಿಂದ ಅಂತ ಕೇಳೋದು ನ್ಯಾಯವೇ. ಆದರೆ ಆ 60 ದಿನಗಳಲ್ಲಿ ರೆಸ್ಯೂಮೆ ಮುಂದಕ್ಕೆ ದಾಟಿಸುವವರು, ಸಾಮಾನು ಇಟ್ಟುಕೊಳ್ಳೋಕೆ ಗ್ಯಾರೇಜು ಕೊಡುವವರು ಅದೇ ಬೇಸ್‌ಮೆಂಟಿನ ಶನಿವಾರದ ಜನ. ಲಿಂಕ್ಡ್‌ಇನ್ನಿನ ಸಾವಿರ ಜನ ಶುಭ ಕೋರಿ ಸುಮ್ಮನಾಗ್ತಾರೆ.

ಎಲ್ಲಿಂದ ಶುರು ಮಾಡೋದು ಅಂದರೆ, ಡಿ.ಸಿ. ಕಡೆ ಕಾವೇರಿ ಇದೆ, ಅಟ್ಲಾಂಟಾದಲ್ಲಿ ನೃಪತುಂಗ ಕನ್ನಡ ಕೂಟ ಇದೆ. ಪ್ರೇಕ್ಷಕರಾಗಿ ಹೋಗಿ ಊಟ ಮಾಡಿ ಬರಬೇಡಿ. ಕುರ್ಚಿ ಜೋಡಿಸುವ ಕೆಲಸವಾದರೂ ಕೇಳಿ ತಗೊಳ್ಳಿ. ಹಾಡು ನಾಟಕ ಒಗ್ಗದವರಿಗೆ ನಮ್ಮ ಕಸುಬಿನದ್ದೇ ಒಂದು ದಾರಿ: ವೀಟಾ. ಕಡಿಮೆ ವರಮಾನದವರಿಗೆ ಪುಕ್ಕಟೆ ರಿಟರ್ನ್ ತುಂಬಿಕೊಡುವ ಐ.ಆರ್.ಎಸ್. ಕಾರ್ಯಕ್ರಮ. ಲೈಬ್ರರಿಗಳಲ್ಲಿ, ಸಮುದಾಯ ಭವನಗಳಲ್ಲಿ ನಡೆಯುತ್ತೆ. ತರಬೇತಿ ಪುಕ್ಕಟೆ, ಪರೀಕ್ಷೆ ಪಾಸಾಗಬೇಕು, ಅಕೌಂಟೆಂಟೇ ಆಗಬೇಕಿಲ್ಲ. ಚಳಿಗಾಲಕ್ಕೆ ಮುಂಚೆ ಹೆಸರು ಕೊಡಿ. ವೀಸಾದ ಅನುಮಾನ ಇದ್ದವರು ಮೊದಲು ವಕೀಲರನ್ನು ಒಂದು ಮಾತು ಕೇಳಿಕೊಳ್ಳಿ.

ಕೊಳಲಿನವರಿಗೆ ಒಬ್ಬ ತಬಲಾದವರ ನಂಬರ್ ಕೊಟ್ಟಿದ್ದೇವೆ. ಅವರದ್ದೂ ರಿಟರ್ನ್ ನಮ್ಮ ಹತ್ತಿರವೇ. ಇಬ್ಬರೂ ಎರಡು ಮೈಲಿ ಅಂತರದಲ್ಲಿದ್ದಾರೆ, ಈವರೆಗೆ ಗೊತ್ತಿರಲಿಲ್ಲ.

ಮುಂದಿನ ತಿಂಗಳು: ಜೂನ್ 15ರ ಅಂದಾಜು ತೆರಿಗೆ ಕಂತು ಯಾರು ಕಟ್ಟಬೇಕು, ಎಷ್ಟು.